ಅರ್ಧ ಮೊಟ್ಟೆ

ನಮ್ಮೂರಿನಲ್ಲಿ ಬೆಳಿಗ್ಗೆ ಮೊಟ್ಟೆ ತಿಂದವರು ಮಧ್ಯಾಹ್ನದವರೆಗೆ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುವ ಮುಂಚೆ ಸ್ವಲ್ಪ ಯೋಚಿಸುತ್ತಾರೆ. ನಿಂತರೆ ಒಳಗಿನದೆಲ್ಲ ಕಾಣುತ್ತದೆ. ಅಂಗಡಿಯವನು ಬಲ್ಬಿನ ಮುಂದೆ ಮೊಟ್ಟೆ ಹಿಡಿದು ಕೆಟ್ಟಿದೆಯೋ ಇಲ್ಲವೋ ಎಂದು ನೋಡುತ್ತಾನಲ್ಲ, ಹಾಗೆ. ಎದೆ ಬಡಿದುಕೊಳ್ಳುವುದು, ರಕ್ತ ಓಡಾಡುವುದು, ಹೊಟ್ಟೆಗೆ ಏನು ಬಿದ್ದಿದೆ ಏನು ಬಿದ್ದಿಲ್ಲ ಎನ್ನುವುದು, ಎಲ್ಲ. ತೆಳು ಬಟ್ಟೆ ಯಾವುದನ್ನೂ ತಡೆಯುವುದಿಲ್ಲ. ಅದಕ್ಕೇ ನಮ್ಮ ಟೈಲರುಗಳು ಕೇಳದೆಯೇ ಶರಟಿಗೂ ರವಿಕೆಗೂ ಒಳಗಡೆ ಕಪ್ಪು ಬಟ್ಟೆ ಕೊಟ್ಟು ಹೊಲಿಯುತ್ತಾರೆ. ಕಚೇರಿಗೆ ಹೋಗುವವರು ಕೊಡೆಯನ್ನು ತಲೆಯ ಮೇಲೆ ಹಿಡಿಯದೆ ಬೆನ್ನಿಗೆ ಹಿಡಿದು ನಡೆಯುತ್ತಾರೆ. ಹೆಣ್ಣು ನೋಡುವ ಶಾಸ್ತ್ರ ನಡೆಯುವುದು ಬೆಳಗಿನ ಹೊತ್ತೇ. ಗಂಡಿನ ಮುಂದೂ ಹೆಣ್ಣಿನ ಮುಂದೂ ಒಂದೊಂದು ಬೇಯಿಸಿದ ಮೊಟ್ಟೆ ಇಟ್ಟು, ತಿಂದಾದ ಮೇಲೆ ಇಬ್ಬರನ್ನೂ ಅಂಗಳಕ್ಕೆ ಕರೆಯುತ್ತಾರೆ. ಮೊಟ್ಟೆ ಮುಟ್ಟದ ಮನೆಗಳಿಗೆ ನಮ್ಮಲ್ಲಿ ಮುಚ್ಚಿದ ಮನೆಗಳು ಎಂದು ಹೆಸರು. ಅವರ ಮೇಲೆ ಊರಿಗೆ ಒಂದು ತೂಕ ಮರ್ಯಾದೆ ಹೆಚ್ಚು, ಒಂದು ತೂಕ ಅನುಮಾನವೂ ಹೆಚ್ಚು.

ನಮ್ಮ ಬೀದಿಯ ಕೆಂಪಯ್ಯನವರು ಮಾತ್ರ ಯಾವುದಕ್ಕೂ ಹೆದರಿದವರಲ್ಲ. ರಿಟೈರಾದ ಮೇಲೆ ಅವರಿಗೆ ಅದೇ ಕೆಲಸ. ಎರಡು ಮೊಟ್ಟೆ ತಿಂದು, ಜಗಲಿಯ ಮೇಲೆ ಬಿಸಿಲಿಗೆ ಬೆನ್ನು ಹಾಕಿ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸುತ್ತಾರೆ. "ನೋಡಪ್ಪ, ಹಾರ್ಟ್ ಸುತ್ತ ಬೆಣ್ಣೆ ಜಾಸ್ತಿ ಆದಂಗಿದ್ಯಾ?" ಒಳಗಿನಿಂದ ಅವರ ಹೆಂಡತಿ ಕೂಗುತ್ತಾರೆ: "ಹಳದಿ ಬಿಟ್ಟು ಬಿಳೀದು ತಿನ್ನಿ ಅಂದ್ರೆ ಕೇಳ್ತೀರಾ!" ಇವರು ಬಿಡುವುದಿಲ್ಲ. "ಹಳದೀಲಿರೋದೇ ಶಕ್ತಿ ಕಣೇ, ಬಿಳೀದ್ರಲ್ಲೇನೈತೆ, ಗೋಡೆಗೆ ಬಳ್ಯೋ ಸುಣ್ಣ!" ಊರಲ್ಲಿ ಅರ್ಧ ಜನ ಅವರ ಕಡೆ, ಅರ್ಧ ಜನ ಅವರ ಹೆಂಡತಿಯ ಕಡೆ. ಆಸ್ಪತ್ರೆಯ ಸಿಸ್ಟರ್ ವಾರಿಜ ಒಮ್ಮೆ ಅಲ್ಲೇ ನಿಂತು ಅವರ ಎದೆಯನ್ನು ಚೆನ್ನಾಗಿ ನೋಡಿ, "ಮೊಟ್ಟೆದೇನೂ ತಪ್ಪಿಲ್ಲ ಕೆಂಪಯ್ಯೋರೇ. ಅದ್ರ ಹಿಂದೆ ಸಾಲಾಗಿ ಇಳ್ದಿರೋ ಬೋಂಡಗಳನ್ನ ಕೇಳಿ," ಎಂದರು. ಅವತ್ತು ಇಡೀ ಬೀದಿ ನಕ್ಕಿತ್ತು.

ಹಾಗೆ ಬಾಯಿ ಬಿಟ್ಟು ಹೇಳುವ ಹಕ್ಕು ಸಿಸ್ಟರಿಗೆ ಮಾತ್ರ. ಮಿಕ್ಕವರು, ಕೆಂಪಯ್ಯನವರಂತೆ ಯಾರಾದರೂ ತಾವಾಗಿ ಕೇಳಿದ ಹೊರತು, ಕಂಡದ್ದನ್ನು ಹೇಳಬಾರದು. ಅಕಸ್ಮಾತ್ ಕಣ್ಣು ಬಿತ್ತು ಎಂದರೆ "ಬಿಸಿಲು ಜೋರು" ಎಂದು ಮುಖ ತಿರುಗಿಸಿಕೊಂಡು ಮುಂದೆ ಹೋಗಬೇಕು. ಇದು ನಮ್ಮಲ್ಲಿ ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುವ ಮಾತು.

ನಾನು ಮುದ್ದಣ್ಣನ ಹೋಟೆಲಿನಲ್ಲಿ ಪೂರಿ ಒತ್ತುವವಳು. ಹೆಸರು ದೇವೀರಿ. ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ಸುತ್ತುತ್ತಾನೆ, ಬಂದಾಗ ಬಂದ. ಮನೆಯಲ್ಲಿರುವುದು ನಾನು, ನನ್ನ ಮಗಳು ಬಿಂದು. ಮೂರನೇ ಕ್ಲಾಸು. ನಾನು ಕತ್ತಲಿರುವಾಗಲೇ ಮನೆ ಬಿಡಬೇಕು. ಬಿಡುವ ಮುಂಚೆ ಒಂದು ಮೊಟ್ಟೆ ಬೇಯಿಸಿ, ಸುಲಿದು, ತಟ್ಟೆಯಲ್ಲಿ ಚಿಟಿಕೆ ಉಪ್ಪಿನ ಜೊತೆ ಇಟ್ಟು, ಮೇಲೆ ಬಟ್ಟಲು ಮುಚ್ಚಿ ಹೋಗುತ್ತಿದ್ದೆ. ಅವಳು ತಾನೇ ಎದ್ದು, ತಾನೇ ಜಡೆ ಹೆಣೆದುಕೊಂಡು, ಅದನ್ನು ತಿಂದು ಶಾಲೆಗೆ ಹೋಗುತ್ತಿದ್ದಳು. ಮೊಟ್ಟೆಯ ಜೊತೆ ಒಂದು ರೊಟ್ಟಿ ತಟ್ಟಿಡಬಹುದಿತ್ತಲ್ಲ ಎಂದು ಕೇಳಿದರೆ, ತಟ್ಟಿಡಬಹುದಿತ್ತು. ಹೋಟೆಲಿಂದ ಬಂದು, ಮಧ್ಯಾಹ್ನ ಇನ್ನೆರಡು ಮನೆಯ ಪಾತ್ರೆ ತಿಕ್ಕಿ, ರಾತ್ರಿಗೆ ಮುದ್ದೆ ತಿರುವಿ ಮಲಗಿದರೆ ನನ್ನ ತೋಳು ನನ್ನ ಮಾತು ಕೇಳುತ್ತಿರಲಿಲ್ಲ. ಮೊಟ್ಟೆ ಒಳ್ಳೆಯದು, ಮಕ್ಕಳಿಗೆ ರಕ್ತ ಬರುತ್ತದೆ, ಕಣ್ಣಿಗೆ ಒಳ್ಳೆಯದು, ಬುದ್ಧಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಕಣ್ಣು ಮುಚ್ಚುತ್ತಿದ್ದೆ.

ಹೋಟೆಲಿನಲ್ಲಿ ನಮಗೆ ತಿಂಡಿ ಉಂಟು. ಮುದ್ದಣ್ಣ ಈ ವಿಷಯದಲ್ಲಿ ಜಿಪುಣನಲ್ಲ. "ಇಲ್ಲಿ ಎಷ್ಟಾದ್ರೂ ತಿನ್ರವ್ವ, ನಾನು ಕಣ್ಣಾಕಲ್ಲ. ಮನೆಗೆ ಮಾತ್ರ ಒಂದು ಚೂರೂ ಹೋಗಕೂಡ್ದು," ಎನ್ನುತ್ತಾನೆ. ಹಿಂದೆ ಯಾರೋ ಆಲೂಗಡ್ಡೆಯನ್ನು ಕ್ಯಾರಿಯರಿನಲ್ಲಿ ಸಾಗಿಸುತ್ತಿದ್ದರಂತೆ, ಅವತ್ತಿನಿಂದ ಆದ ಕಟ್ಟಳೆ. ಮೊದಲ ಬಾಣಲೆ ಇಳಿದ ಕೂಡಲೇ ನಾನು ಬಿಸಿಬಿಸಿಯಾಗಿ ನಾಲ್ಕು ಪೂರಿ, ಮೇಲೆ ಆಲೂಗಡ್ಡೆ ಪಲ್ಯ ಹಾಕಿಕೊಂಡು ತಿನ್ನುತ್ತೇನೆ. ತಿನ್ನದಿದ್ದರೆ ಲಟ್ಟಣಿಗೆ ಏಳುವುದಿಲ್ಲ. ತಿನ್ನುವಾಗ ಬಿಂದು ನೆನಪಾಗುತ್ತಿರಲಿಲ್ಲ ಎಂದರೆ ಸುಳ್ಳು. ನೆನಪಾಗುತ್ತಿದ್ದಳು. ಆದರೂ ಪೂರಿ ಗಂಟಲಲ್ಲಿ ಸಲೀಸಾಗಿಯೇ ಇಳಿಯುತ್ತಿತ್ತು.

ಒಂದು ಭಾನುವಾರ ತಲೆ ಬಾಚುವಾಗ ಬಿಂದು ಕೇಳಿದಳು: "ಅವ್ವ, ನೀನು ಹೋಟ್ಲಲ್ಲಿ ಏನ್ ತಿಂತೀಯ?"

ಪೂರಿ ಎಂದರೆ ನನಗೂ ಪೂರಿ ಎನ್ನುತ್ತಾಳೆ. ಹೋಟೆಲಿಗೆ ಬರುತ್ತೇನೆ ಎನ್ನುತ್ತಾಳೆ. ಬಂದು ಬಾಗಿಲಲ್ಲಿ ನಿಂತರೆ ಮುದ್ದಣ್ಣನ ಮುಖ ಹೇಗಾಗುತ್ತದೋ. ಇಷ್ಟೆಲ್ಲ ಬಾಚಣಿಗೆ ಒಂದು ಸಲ ಎಳೆಯುವುದರೊಳಗೆ ನನ್ನ ತಲೆಯಲ್ಲಿ ಹಾದುಹೋಯಿತು.

"ಏನ್ ತಿಂತಾರೆ. ಒಂದ್ ಲೋಟ ಟೀ ಕೊಡ್ತಾರೆ, ಅಷ್ಟೇಯ."

"ಹಸಿವಾಗಲ್ವಾ?"

"ದೊಡ್ಡೋರಿಗೆ ಅಷ್ಟೊಂದು ಹಸಿವಾಗಲ್ಲ ಕಣವ್ವ. ಅಲ್ಲಾಡ್ಬೇಡ, ಬೈತಲೆ ಸೊಟ್ಟಗಾಗುತ್ತೆ."

ನೊಣ ಓಡಿಸಿದಷ್ಟು ಸುಲಭವಾಗಿ ಹೇಳಿಬಿಟ್ಟೆ. ಜಡೆ ಹೆಣೆದು ಮುಗಿಸುವಾಗ ನಾನು ಅದನ್ನು ಮರೆತೂ ಇದ್ದೆ.

ಮಾರನೆಯ ದಿನ ಮನೆಗೆ ಬಂದಾಗ ಬಟ್ಟಲಿನ ಕೆಳಗೆ ಅರ್ಧ ಮೊಟ್ಟೆ ಇತ್ತು. ದಾರದಿಂದ ಕತ್ತರಿಸಿದಂತೆ ಸರಿಯಾಗಿ ಅರ್ಧ. ಹಳದಿಯ ಅಂಚು ಒಣಗಿತ್ತು. ಸಂಜೆ ಅವಳನ್ನು ಕೇಳಿದೆ. "ಸಾಕಾಯ್ತು," ಎಂದಳು. ಅದರ ಮಾರನೆಯ ದಿನವೂ ಅರ್ಧ. ಅದರ ಮಾರನೆಯ ದಿನವೂ. "ಅದೇನು ಕೊಬ್ಬೇ ನಿಂಗೆ? ಒಂದು ಮೊಟ್ಟೆ ಮುಗ್ಸಕ್ಕಾಗಲ್ವಾ? ಎಷ್ಟು ಮಕ್ಳಿಗೆ ಇದೂ ಇಲ್ಲ ಗೊತ್ತಾ?" ಎಂದು ಬೈದೆ. ಅವಳು ತಲೆ ತಗ್ಗಿಸಿ ಸ್ಲೇಟು ಒರೆಸುತ್ತಾ ಕೂತಳು. ಉಳಿದ ಅರ್ಧವನ್ನು ಎಸೆಯಲು ನನಗೆ ಮನಸ್ಸು ಬರುತ್ತಿರಲಿಲ್ಲ. ಚಪ್ಪಲಿ ಕೂಡ ಬಿಡದೆ, ನಿಂತಲ್ಲೇ, ಉಪ್ಪಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ದಿನಾ.

ಹೀಗೇ ಕೆಲವು ವಾರ ಕಳೆದವು. ಒಂದು ಸೋಮವಾರ ನಾನು ಹಿಟ್ಟು ನಾದುತ್ತಿದ್ದೆ, ಹೋಟೆಲಿನ ಹಿತ್ತಲ ಬಾಗಿಲಲ್ಲಿ ಸಿಸ್ಟರ್ ವಾರಿಜ ಬಂದು ನಿಂತರು. ಸೋಮವಾರ ಅಂದರೆ ಶಾಲೆಯ ಮಕ್ಕಳನ್ನು ಆಸ್ಪತ್ರೆಯ ಅಂಗಳದಲ್ಲಿ ಸಾಲಾಗಿ ಬಿಸಿಲಿಗೆ ನಿಲ್ಲಿಸಿ ನೋಡುವ ದಿನ.

"ದೇವೀರಮ್ಮ, ಬಿಂದು ನಿಮ್ ಮಗಳಲ್ವಾ? ಗಾಬರಿ ಬೀಳ್ಬೇಡಿ. ಸಾಲಲ್ಲಿ ನಿಂತಿರೋವಾಗ ತಲೆ ಸುತ್ತಿ ಕೂತ್ಕೊಂಡ್ಲು. ಬೆಲ್ಲದ ನೀರು ಕುಡಿಸಿ ಮಲಗಿಸಿದ್ದೀನಿ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು.

"ಹೋದ್ ವಾರಾನೂ, ಅದ್ರ ಹಿಂದಿನ ವಾರಾನೂ ನೋಡ್ದೆ. ಹೊಟ್ಟೇಲಿ ಅರ್ಧ ಮೊಟ್ಟೆ ಬಿಟ್ರೆ ಏನೂ ಇಲ್ಲ. ಅರ್ಧ ತಿಂದ್ರೆ ಸರಿಯಾಗಿ ಕಾಣೋದೂ ಇಲ್ಲ ನೋಡಿ, ಎಲ್ಲಾ ಮಬ್ಬು ಮಬ್ಬು. ಆ ಮಬ್ಬಲ್ಲೇ ರಕ್ತ ನೀರು ಬೆರೆಸ್ದಂಗೆ ಕಾಣುತ್ತೆ. ಮೊಟ್ಟೆ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಬೆಳೆಯೋ ಮಗೂಗೆ ಪೂರ್ತಿ ಒಂದು ತಿಂದ್ರೂ ಅದೊಂದೇ ಸಾಕಾಗಲ್ಲ, ಅದ್ರಲ್ಲೂ ಅರ್ಧ ಅಂದ್ರೆ? ಮಿಕ್ಕಿದ್ದೇನ್ ಮಾಡ್ದೆ ಅಂತ ಕೇಳ್ದೆ. ನಮ್ಮವ್ವಂಗೆ ಅಂತ ಇಟ್ಟಿದ್ದೀನಿ, ಅವಳು ಬರೀ ಟೀ ಕುಡ್ಕೊಂಡು ಕೆಲ್ಸ ಮಾಡ್ತಾಳೆ ಅಂದ್ಲು."

ಒಲೆಯ ಹತ್ತಿರ ಪೂರಿ ಕರಿಯುವ ಲಿಂಗಾಜಮ್ಮ, ಜಾಲರಿ ಸೌಟು ಹಿಡಿದವಳು, ಹಾಗೇ ತಿರುಗಿ ನನ್ನನ್ನು ನೋಡಿದಳು. ಸಿಸ್ಟರ್ ಅದನ್ನು ಗಮನಿಸಲಿಲ್ಲ. ಅವರ ದನಿ ಮೆತ್ತಗಾಗಿತ್ತು.

"ಮುಂದಿನ ಸೋಮವಾರ ನೀವೂ ಬನ್ನಿ. ಒಂದು ಮೊಟ್ಟೆ ತಿಂದು ಮಗಳ ಜೊತೆ ನಿಂತ್ಕೊಳ್ಳಿ. ಬರೀ ಟೀ ಮೇಲೆ ಈ ಬೆಂಕಿ ಮುಂದೆ ನಿಂತ್ರೆ ಒಂದಿನ ಬಾಣಲೆಗೇ ಬೀಳ್ತೀರಿ ಅಷ್ಟೇ. ನೋಡಿ, ಇಬ್ರಿಗೂ ಸೇರಿಸಿ ಮಾತ್ರೆ, ಪೌಷ್ಟಿಕದ ಹಿಟ್ಟು, ಏನ್ ಸಿಗುತ್ತೋ ಕೊಡಿಸ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. ನಾಲ್ಕು ಮಾತು. ನಾನು "ಆಯ್ತು ಸಿಸ್ಟ್ರೇ," ಎಂದೆ.

ಅವರು ಹೋದದ್ದೇ ಲಿಂಗಾಜಮ್ಮ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದಳು. "ಬರೀ ಟೀ! ಇವತ್ತು ಬೆಳಿಗ್ಗೆ ಪಲ್ಯ ಸಾಲ್ದು ಅಂತ ನನ್ನ ತಟ್ಟೆಗೆ ಕೈ ಹಾಕಿದ್ದು ಯಾರೇ ತಾಯಿ, ನಿನ್ನ ಸವತೀನಾ?"

"ಸುಮ್ನಿರಕ್ಕ."

"ನಾನು ಸುಮ್ನಿರ್ತೀನಿ. ಸೋಮವಾರ ನಿನ್ನ ಹೊಟ್ಟೆ ಸುಮ್ನಿರುತ್ತಾ, ಅದನ್ನ ಕೇಳ್ಕೊ."

ಮಗು ಹೇಳಿದ್ದು ಆಸ್ಪತ್ರೆಯ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತ್ತು. ಸಂಜೆಯೊಳಗೆ ಬೀದಿಗೆ ಬಂತು. ಕೆಂಪಯ್ಯನವರ ಹೆಂಡತಿ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದುಕೊಟ್ಟು, "ಮೊದ್ಲು ನೀನು ತಿನ್ನವ್ವ, ಹೆಂಗ್ ಇಳ್ದೋಗಿದ್ದೀಯ ನೋಡು," ಎಂದು ನನ್ನ ಕೆನ್ನೆ ಸವರಿದರು. ನನ್ನ ಕೆನ್ನೆ ಇಳಿದಿರಲಿಲ್ಲ. ಅವರ ಎದುರಿಗೆ ಒಂದು ತುತ್ತು ತಿಂದೆ. ಊರು ನನ್ನನ್ನು ಕಂಡು ಮರುಗುವುದಕ್ಕಿಂತ ಊರು ನನ್ನ ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಬಿಂದುವಿಗೆ ಹೇಳಿದೆ: "ನಾಳೆಯಿಂದ ಮೊಟ್ಟೆ ಪೂರ್ತಿ ತಿನ್ಬೇಕು. ಸಿಸ್ಟ್ರಮ್ಮ ಹೇಳಿದ್ದಾರೆ."

"ನೀನು?"

"ನನ್ ಚಿಂತೆ ನಿಂಗ್ಯಾಕೆ?"

"ನೀನೂ ಬೆಳಿಗ್ಗೆ ತಿಂದ್ರೆ ತಿಂತೀನಿ."

"ನಂಗೆ ಬೇಡ ಅಂದ್ನಲ್ಲ."

"ಹಂಗಾದ್ರೆ ನಂಗೂ ಅರ್ಧ ಸಾಕು," ಎಂದು ಮುದ್ದೆ ಮುರಿದಳು. ಆ ಹಟ ಅವಳಿಗೆ ನನ್ನಿಂದಲೇ ಬಂದದ್ದು. ನಾನು ಹೊಟ್ಟೆ ತುಂಬ ತಿನ್ನುತ್ತೇನೆ ಎಂಬ ಮಾತು ನನ್ನ ಬಾಯಿಂದ ಬರುವ ತನಕ ಅವಳ ಬಟ್ಟಲ ಕೆಳಗಿನ ಅರ್ಧ ಅಲ್ಲೇ ಉಳಿಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೂ ಹೇಳಲಿಲ್ಲ. ಎದುರಿಗೆ ಕೂತು, ಸಾರು ಬಡಿಸಿದೆ.

ಇಡೀ ವಾರ ನಾನು ಒಂದು ಲೆಕ್ಕಾಚಾರ ಮಾಡಿಕೊಂಡೆ. ಸೋಮವಾರ ಒಂದು ದಿನ ಹೋಟೆಲಿನಲ್ಲಿ ಏನೂ ತಿನ್ನುವುದಿಲ್ಲ. ಹೊಟ್ಟೆಯಲ್ಲಿ ಆಸ್ಪತ್ರೆಯ ಮೊಟ್ಟೆ ಒಂದೇ ಇರುತ್ತದೆ. ಸಿಸ್ಟರ್ ಹಿಟ್ಟು ಕೊಡಿಸುತ್ತಾರೆ, ಹಿಟ್ಟು ಬಂದ ಮೇಲೆ ನಾನೂ ಬೆಳಿಗ್ಗೆ ಗಂಜಿ ಕುಡಿಯುತ್ತೇನೆ ಎಂದು ಬಿಂದುವಿಗೆ ಹೇಳಬಹುದು, ಅವಳು ಮೊಟ್ಟೆ ಪೂರ್ತಿ ತಿನ್ನುತ್ತಾಳೆ. ಯಾರಿಗೂ ನಷ್ಟವಿಲ್ಲ. ಒಂದು ಹೊತ್ತು ಹಸಿದಿದ್ದರೆ ಎಲ್ಲ ಸರಿಹೋಗುತ್ತದೆ. ಮೂರು ಹೊತ್ತೂ ಹಸಿದವರು ಈ ಊರಿನಲ್ಲಿ ಎಷ್ಟು ಜನ ನಿಂತಿಲ್ಲ ಆ ಅಂಗಳದಲ್ಲಿ!

ಸೋಮವಾರ ಬೆಳಿಗ್ಗೆ ಲಿಂಗಾಜಮ್ಮ ಮೊದಲ ಬಾಣಲೆಯ ಪೂರಿ ತೆಗೆದು ತಟ್ಟೆ ನನ್ನ ಕಡೆ ತಳ್ಳಿದಳು.

"ಬೇಡ."

"ಓಹೋ. ಇವತ್ತು ಟೀ ದಿನ."

ನಾನು ಉಂಡೆ ಮಾಡಿದೆ, ಒತ್ತಿದೆ, ಬಾಣಲೆಗೆ ಬಿಟ್ಟೆ. ಪೂರಿ ಉಬ್ಬಿ ಮೇಲೆ ಬಂದಾಗಲೆಲ್ಲ ಮುಖ ಆಚೆ ತಿರುಗಿಸಿದೆ. ಪಲ್ಯಕ್ಕೆ ಒಗ್ಗರಣೆ ಬಿತ್ತು. ಹಸಿವು ಮೊದಲು ಹೊಟ್ಟೆಯಲ್ಲಿತ್ತು, ಆಮೇಲೆ ಮೊಣಕೈಗೆ ಬಂತು, ಆಮೇಲೆ ಕಣ್ಣಿಗೆ. ನಮ್ಮ ಅಡುಗೆಮನೆಯಲ್ಲಿ ಉಬ್ಬದ ಪೂರಿ ಗಿರಾಕಿಗೆ ಹೋಗುವುದಿಲ್ಲ, ಒತ್ತಿದವಳ ಪಾಲಿಗೆ. ಒಂದು ಪೂರಿ ಉಬ್ಬಲಿಲ್ಲ. ಲಿಂಗಾಜಮ್ಮ ಅದನ್ನು ಎಂದಿನಂತೆ ನನ್ನ ಪಕ್ಕಕ್ಕೆ ಎಸೆದಳು. ನಾನು ಎಂದಿನಂತೆ ಮಡಚಿ ಬಾಯಿಗೆ ಹಾಕಿಕೊಂಡೆ. ಅಗಿಯುತ್ತಿದ್ದೇನೆ ಎಂದು ನನಗೆ ತಿಳಿದದ್ದು ಅರ್ಧ ನುಂಗಿದ ಮೇಲೆ.

ಉಗುಳಬಹುದಿತ್ತು. ಉಗುಳಲಿಲ್ಲ. ಒಂದಾದರೂ ಕಾಣುತ್ತದೆ, ನಾಲ್ಕಾದರೂ ಕಾಣುತ್ತದೆ ಎಂದುಕೊಂಡೆ. ತಟ್ಟೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ, ಪಲ್ಯ ಸುರಿದುಕೊಂಡು ಗಬಗಬನೆ ತಿಂದೆ. ನಿಜ ಹೇಳಬೇಕೆಂದರೆ, ಅವತ್ತು ಪೂರಿ ಎಂದಿಗಿಂತ ರುಚಿಯಾಗಿತ್ತು.

ಆಸ್ಪತ್ರೆಗೆ ಹೋಗದೆ ಮನೆಗೆ ಹೋಗಿಬಿಡೋಣ ಎನಿಸಿತು. ಆದರೆ ಬಿಂದು ಗೇಟಿನ ಹತ್ತಿರವೇ ಕಾಯುತ್ತಿದ್ದಳು. ನನ್ನನ್ನು ಕಂಡದ್ದೇ ಓಡಿ ಬಂದು ಕೈ ಹಿಡಿದು, "ಇವ್ರೇ ನಮ್ಮವ್ವ," ಎಂದು ಪಕ್ಕದ ಹುಡುಗಿಗೆ ಹೇಳಿದಳು. ಹಾಗೆ ಹೆಮ್ಮೆಯಿಂದ ಅವಳು ನನ್ನನ್ನು ಯಾರಿಗೂ ತೋರಿಸಿದ್ದಿಲ್ಲ.

ಅಂಗಳದಲ್ಲಿ ಮಕ್ಕಳು, ಕೆಲವು ತಾಯಂದಿರು, ಬಾಣಂತಿಯರು. ಎದುರಿಗೆ ಸುಣ್ಣ ಬಳಿದ ಗೋಡೆ. ಆಯಾ ಒಂದು ಮೊಟ್ಟೆ ಕೊಟ್ಟಳು. "ದೊಡ್ಡದೇ ಆರಿಸಿದ್ದೀನಿ ಕಣಕ್ಕ, ತಿನ್ನು," ಎಂದಳು ಮರುಕದಿಂದ. ಸುಲಿದು ತಿಂದೆ. ತೇಗು ಬಂತು, ಸೆರಗಿನಲ್ಲಿ ಒತ್ತಿಕೊಂಡೆ. ಸ್ವಲ್ಪ ಹೊತ್ತಿಗೆ ಚರ್ಮದೊಳಗೆ ಬೆಚ್ಚಗೆ ಬೆಳಕು ಬಿಟ್ಟಂತಾಯಿತು. ಸಿಸ್ಟರ್ ಕರೆದರು. ನಾನು ಬಿಸಿಲಿಗೆ ಬೆನ್ನು ಕೊಟ್ಟು ನಿಂತೆ.

ನಾನು ತಲೆ ತಗ್ಗಿಸಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಸರಿಯಾಗಿ ಅಗಿಯದೆ ನುಂಗಿದ್ದೆನಲ್ಲ, ಪೂರಿಯ ಮಡಿಕೆ ಮಡಿಕೆಯೂ ಕಂಡಿರಬೇಕು. "ಬಿಸಿಲು ಜೋರು," ಎಂದಳು ಒಬ್ಬಳು. "ಹೂಂ, ಬಿಸಿಲು ಜೋರು," ಎಂದಳು ಇನ್ನೊಬ್ಬಳು. ಕೆಂಪಯ್ಯನವರ ಹೆಂಡತಿಯೂ ಅಲ್ಲಿದ್ದರು. ಅವರು ಅಷ್ಟನ್ನೂ ಹೇಳಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು.

ಸಿಸ್ಟರ್ ವಾರಿಜ ನನ್ನ ಎದುರಿಗೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, ಬೇರೆ ಯಾರಿಗೋ ಹೇಳುವ ದನಿಯಲ್ಲಿ, "ರಕ್ತ ಚೆನ್ನಾಗಿದೆ ದೇವೀರಮ್ಮ. ನಿಮ್ಮ ಆರೋಗ್ಯಕ್ಕೇನೂ ತೊಂದ್ರೆ ಇಲ್ಲ," ಎಂದರು.

ಬಿಂದು ಸಾಲು ಬಿಟ್ಟು ಬಂದಳು. ನನ್ನ ಹೊಟ್ಟೆಯ ಮುಂದೆ ನಿಂತು, ಮಿಠಾಯಿ ಅಂಗಡಿಯ ಗಾಜಿನ ಕಪಾಟು ನೋಡುವ ಹಾಗೆ ಕತ್ತು ಅತ್ತ ಇತ್ತ ಮಾಡಿ ನೋಡಿದಳು.

"ಅವ್ವ, ಪೂರಿ."

"ಹೂಂ."

"ಪಲ್ಯಾನೂ ಐತೆ." ಅವಳು ತಲೆಯೆತ್ತಿದಳು. ಏನೋ ಹೊಳೆದಂತೆ ಮುಖ ಅರಳಿತು. "ಇವತ್ತು ಕೊಟ್ರಾ?"

ಎಂಟು ವರ್ಷದ ಮಗು ನನಗೆ ದಾರಿ ತೆರೆದುಕೊಟ್ಟಿತ್ತು. ಹೌದು ಕಣವ್ವ, ಪಾಪ ಅಂತ ಇವತ್ತೊಂದು ದಿನ ಕೊಟ್ಟರು ಎಂದರೆ ಮುಗಿಯಿತು. ಅಂಗಳದ ಎಲ್ಲರೂ ನಂಬಲು ತಯಾರಾಗಿಯೇ ಇದ್ದರು, ಕೆಂಪಯ್ಯನವರ ಹೆಂಡತಿಯಂತೂ ಆಗಲೇ ಅರ್ಧ ತಲೆಯಾಡಿಸಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಿಂದು ನನ್ನ ಮುಂದೆ ನಿಂತಿದ್ದಳು. ಬಿಸಿಲು ನನ್ನನ್ನು ದಾಟಿ ಅವಳ ಮುಖದ ಮೇಲೆ ಬಿದ್ದು, ಆ ಬೆಳಕಿನಲ್ಲಿ ಅವಳ ತುಟಿ ಬಣ್ಣವೇ ಇಲ್ಲದ ಹಾಗೆ ಕಾಣುತ್ತಿತ್ತು.

"ಇವತ್ತಲ್ಲ," ಎಂದೆ. "ದಿನಾ ಕೊಡ್ತಾರೆ."

"ದಿನಾನಾ?"

"ದಿನಾ. ನಾನು ದಿನಾ ತಿಂತೀನಿ. ಟೀ ಅಂದಿದ್ದು ಸುಳ್ಳು."

ಅಷ್ಟು ಜನರಿದ್ದ ಅಂಗಳದಲ್ಲಿ ಒಬ್ಬರೂ ಬಿಸಿಲಿನ ಮಾತೆತ್ತಲಿಲ್ಲ. ಬಿಂದು ನನ್ನನ್ನು ನೋಡಿದಳು, ಆಮೇಲೆ ಸುತ್ತಲಿನವರನ್ನು ನೋಡಿದಳು. ಅವರೆಲ್ಲ ಎಲ್ಲಿ ನೋಡುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು. ಮೆಲ್ಲಗೆ ನನ್ನನ್ನು ಬಳಸಿಕೊಂಡು ಹಿಂದಕ್ಕೆ ಹೋದಳು. ನನ್ನ ಬೆನ್ನಿಗೆ ಅಂಟಿ ನಿಂತು, ಲಂಗವನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಬಿಸಿಲು ನನ್ನ ಮೇಲೆ ಬೀಳದ ಹಾಗೆ, ನನ್ನ ಹೊಟ್ಟೆ ಯಾರಿಗೂ ಕಾಣದ ಹಾಗೆ. ಆದರೆ ಅವಳೂ ಬೆಳಿಗ್ಗೆ ಮೊಟ್ಟೆ ತಿಂದಿದ್ದವಳಲ್ಲವೇ. ಬಿಸಿಲು ಅವಳನ್ನು ಹಾದು, ನನ್ನನ್ನು ಹಾದು, ಹೋಗಿ ಎದುರಿನ ಗೋಡೆಗೆ ಬಿತ್ತು. ಸುಣ್ಣದ ಮೇಲೆ ನನ್ನ ಹೊಟ್ಟೆಯ ಪೂರಿಗಳ ದೊಡ್ಡ ಗುಪ್ಪೆ, ಅದರ ಪಕ್ಕದಲ್ಲೇ ಮಬ್ಬಾಗಿ ಅವಳ ಅರ್ಧ ಮೊಟ್ಟೆ.

ಬೆನ್ನ ಹಿಂದಿನಿಂದ ಅವಳ ದನಿ ಬಂತು. ಕೋಪವಿರಲಿಲ್ಲ ಅದರಲ್ಲಿ. ಟೀಚರ ಹತ್ತಿರ ಕೇಳುವ ಹಾಗೆ ಕೇಳಿದಳು.

"ಹಂಗಾದ್ರೆ ಅವ್ವ, ನಾಳೆಯಿಂದ ಮೊಟ್ಟೆ ಪೂರ್ತಿ ನಾನೇ ತಿನ್ಲಾ?"

ಹೂಂ ಎಂದೆ. ಕೇಳಿಸಲಿಲ್ಲವೇನೋ, ಮತ್ತೊಮ್ಮೆ ಕೇಳಿದಳು.